ಸಂಸತ್ತಿನ ಎದುರಿನ ಓದುಮನೆ

ಹೆಲ್ಸಿಂಕಿ ನಗರದ ನಟ್ಟನಡುವೆ, ಫಿನ್ಲೆಂಡಿನ ಸಂಸತ್ ಭವನಕ್ಕೆ ಎದುರಾಗಿ, ಚಿನ್ನದ ಬೆಲೆಯ ಖಾಲಿ ಜಾಗವೊಂದಿತ್ತು. ಅಲ್ಲಿ ಮಾಲ್ ಎದ್ದಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲವೇನೋ. ಎದ್ದದ್ದು ಸಾರ್ವಜನಿಕ ಗ್ರಂಥಾಲಯ. ‘ಓದಿ’ ಎಂಬುದು ಅದರ ಫಿನ್ನಿಷ್ ಹೆಸರು. ಬಾಗಿಲು ತೆರೆದದ್ದು 2018ರ ಡಿಸೆಂಬರ್ 5ರಂದು, ಆ ದೇಶದ ಸ್ವಾತಂತ್ರ್ಯ ದಿನದ ಮುನ್ನಾದಿನ.

ನೂರು ಮೀಟರಿಗೂ ಉದ್ದದ ಉಕ್ಕಿನ ಕಮಾನುಗಳು ಸೇತುವೆಯಂತೆ ಭಾರ ಹೊತ್ತಿರುವುದರಿಂದ ನೆಲ ಅಂತಸ್ತಿಗೆ ಕಂಬಗಳ ಕಾಟವಿಲ್ಲ. ಮುಂದಿನ ಚೌಕದ ಜನ ನೇರ ಒಳಗೇ ಹರಿದುಬರುತ್ತಾರೆ. ಪುಸ್ತಕಗಳಿರುವುದು ತೀರಾ ಮೇಲೆ, ಬೆಳಕು ತುಂಬಿದ ಮೂರನೇ ಅಂತಸ್ತಿನಲ್ಲಿ. ಅವನ್ನು ಸಾಗಿಸಲು ರೋಬೋಟ್‌ಗಳಿವೆ. ನನಗೆ ಹಿಡಿಸಿದ್ದು ಮಾತ್ರ ನಡುವಿನ ಅಂತಸ್ತು: ಹೊಲಿಗೆ ಯಂತ್ರ, ತ್ರಿಡಿ ಪ್ರಿಂಟರ್, ಹಾಡು ಧ್ವನಿಮುದ್ರಿಸುವ ಸ್ಟುಡಿಯೋ, ಅಡುಗೆಮನೆ ಕೂಡ! ಹರಿದ ಪ್ಯಾಂಟು ಹೊಲಿಯಲು ಬಂದವರೂ ಅಲ್ಲಿ ಓದುಗರಷ್ಟೇ ಹಕ್ಕುದಾರರು.

ಇದೆಂಥ ಗ್ರಂಥಾಲಯ ಎಂದು ಮೂಗು ಮುರಿಯಬಹುದು. ಆದರೆ ಫಿನ್ಲೆಂಡಿನ ಗ್ರಂಥಾಲಯ ಕಾಯ್ದೆಯ ಗುರಿಗಳಲ್ಲಿ ಸಕ್ರಿಯ ಪೌರತ್ವ, ಪ್ರಜಾಪ್ರಭುತ್ವ, ಅಭಿವ್ಯಕ್ತಿ ಸ್ವಾತಂತ್ರ್ಯಗಳೂ ಸೇರಿವೆ. ದುಬಾರಿ ಯಂತ್ರ ಕೊಳ್ಳಲಾರದವನ ಕೈಗೆ ಅದನ್ನು ಕೊಡುವುದೂ, ಪುಸ್ತಕ ಕೊಳ್ಳಲಾರದವನಿಗೆ ಪುಸ್ತಕ ಕೊಡುವುದೂ ಒಂದೇ ಕೆಲಸ ಎಂದು ನನಗನ್ನಿಸುತ್ತದೆ. ಮೇಲಿನ ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತರೆ ಎದುರಿಗೇ ಸಂಸತ್ತು. ಆರಿಸಿದವರೂ ಆರಿಸಿಬಂದವರೂ ಮುಖಾಮುಖಿ.

ಅಂದಹಾಗೆ, ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ನಾವೂ ಗ್ರಂಥಾಲಯ ಸೆಸ್ ಕಟ್ಟುತ್ತೇವೆ. ಅದಕ್ಕೆ 1965ರ ಕಾಯ್ದೆಯೇ ಇದೆ. ಬಡಾವಣೆಯ ಗ್ರಂಥಾಲಯಕ್ಕೊಂದು ಹೊಲಿಗೆ ಯಂತ್ರ ಬೇಕೆಂದು ಈ ವಾರ ಅರ್ಜಿ ಬರೆಯಲು ಅಡ್ಡಿಯೇನಿಲ್ಲ.