ಕಾಂಗರೂಗಳನ್ನು ಕಾಣುವುದೆಲ್ಲಿ?



ನಿಮ್ಮ ಬಂಧುಬಳಗದಲ್ಲಿ ಯಾರಾದರೂ ಓದಲೆಂದೋ ದುಡಿಯಲೆಂದೋ ಆಸ್ಟ್ರೇಲಿಯಾಕ್ಕೆ ಹೋಗಿದ್ದರೆ, ನೀವು ಕೇಳುವ ಮೊದಲ ಪ್ರಶ್ನೆ ಇದೇ ಇರಬೇಕು: "ಕಾಂಗರೂ ನೋಡಿದೆಯಾ?" "ನೋಡಿದೆ, ಮೃಗಾಲಯದಲ್ಲಿ" ಎಂದರೆ ಅಷ್ಟಕ್ಕೇ ಬಿಡಬೇಡಿ. ಎಲ್ಲಿಗೆ, ಯಾವ ಹೊತ್ತಿಗೆ ಹೋಗಬೇಕೆಂದು ತಿಳಿದಿದ್ದರೆ ಅಲ್ಲಿ ಬಯಲಲ್ಲೇ ಕಾಂಗರೂಗಳನ್ನು ಕಾಣಬಹುದು.

ಮೊದಲು ಹೆಸರಿನ ಮಾತು. 1770ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್‌ನ ಹಡಗು ಅಲ್ಲಿಯ ಈಶಾನ್ಯ ಕರಾವಳಿಯಲ್ಲಿ ದುರಸ್ತಿಗೆ ನಿಂತಿತ್ತು. "ಈ ಪ್ರಾಣಿಯ ಹೆಸರೇನು?" ಎಂದಾಗ ಸ್ಥಳೀಯರು "ಗೊತ್ತಿಲ್ಲ" ಎಂದರಂತೆ, ಅದೇ 'ಕಾಂಗರೂ' ಆಯಿತಂತೆ ಎಂಬ ಕಥೆ ನೀವೂ ಕೇಳಿರಬಹುದು. ಅದು ಬರೀ ಕಟ್ಟುಕಥೆ. ಅಲ್ಲಿಯ ಗೂಗು ಯಿಮಿದಿರ್ ಭಾಷೆಯಲ್ಲಿ 'ಗಂಗುರು' ಎಂದರೆ ಒಂದು ಜಾತಿಯ ದೊಡ್ಡ ಕಾಂಗರೂ. ಹೇಳಿದವರಿಗೆ ಚೆನ್ನಾಗಿಯೇ ಗೊತ್ತಿತ್ತು. ಎರಡು ಭಾಷೆಗಳ ನಡುವೆ ಬಾಳುವ ನಮಗೆ, ಇಂಥ ಕಥೆಗಳು ಹೇಗೆ ಹುಟ್ಟುತ್ತವೆಂದು ಬಿಡಿಸಿ ಹೇಳಬೇಕಿಲ್ಲ.

ಈಗ ಸ್ಥಳಗಳು. ದೂರ ಹೋಗಲಾಗದವರಿಗೆ ರಾಜಧಾನಿ ಕ್ಯಾನ್ಬೆರಾ ಸಾಕು. ನಗರದ ಮಗ್ಗುಲಲ್ಲೇ ಇರುವ ಮೌಂಟ್ ಏನ್ಸ್ಲಿ ಗುಡ್ಡದಲ್ಲಿ ಬೂದು ಕಾಂಗರೂಗಳು ಹಿಂಡಾಗಿ ಮೇಯುತ್ತವೆ. ಕಡಲತೀರದಲ್ಲಿ ಕಾಣಬೇಕೆಂದರೆ ನ್ಯೂ ಸೌತ್ ವೇಲ್ಸ್‌ನ ಮುರಮರಾಂಗ್ ಉದ್ಯಾನವಿದೆ. ಪಶ್ಚಿಮದಲ್ಲಿ ಎಸ್ಪರೆನ್ಸ್ ಪಟ್ಟಣದ ಹತ್ತಿರ ಲಕ್ಕಿ ಬೇ ಎಂಬ ಬಿಳಿ ಮರಳಿನ ದಂಡೆಯಿದೆ.

ಎಲ್ಲಕ್ಕೂ ದೊಡ್ಡದಾದ ಕೆಂಪು ಕಾಂಗರೂ ಮಾತ್ರ ಒಣಭೂಮಿಯ ಪ್ರಾಣಿ. ಅದಕ್ಕಾಗಿ ಒಳನಾಡಿನ ಸ್ಟರ್ಟ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕು. ಅದರ ಮೂಲೆಯಲ್ಲಿ ಮೂರು ರಾಜ್ಯಗಳ ಗಡಿ ಕೂಡುತ್ತದೆ. ಡಿಂಗೋ ಎಂಬ ಕಾಡುನಾಯಿಗಳಿಂದ ಕುರಿಗಳನ್ನು ಕಾಯಲು ಹಾಕಿದ ಸುಮಾರು 5,600 ಕಿಲೋಮೀಟರ್ ಉದ್ದದ ಬೇಲಿಯೂ ಆ ಗಡಿಯಗುಂಟ ಹಾದುಹೋಗುತ್ತದೆ. ನೆಲ ಒಂದೇ, ಮಳೆ ಒಂದೇ. ಆದರೂ ನಾಯಿಗಳನ್ನು ದೂರವಿಟ್ಟ ಬದಿಯಲ್ಲಿ ಕಾಂಗರೂ ಹೆಚ್ಚು, ನಾಯಿಗಳಿರುವ ಬದಿಯಲ್ಲಿ ಬಹಳ ಕಡಿಮೆ. ಬೇಲಿಯೊಂದು ಏನೆಲ್ಲ ಬದಲಿಸಬಲ್ಲದು ನೋಡಿ!

ಸ್ಥಳದಷ್ಟೇ ಹೊತ್ತೂ ಮುಖ್ಯ. ಬಿಸಿಲೇರಿದಾಗ ಅವು ನೆರಳಲ್ಲಿ ಮಲಗಿ, ಮುಂಗೈ ನೆಕ್ಕಿಕೊಂಡು ಮೈ ತಂಪು ಮಾಡಿಕೊಳ್ಳುತ್ತವೆ. ಮೇವಿಗೆ ಹೊರಡುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಆಗ ದೂರದಲ್ಲಿ ಸುಮ್ಮನೆ ನಿಂತು ನೋಡಬೇಕು. ಬ್ರೆಡ್ಡು, ಬಿಸ್ಕತ್ತು ಕೊಡಬಾರದು; ಅದರಿಂದ ದವಡೆಯ ರೋಗ ಬರಬಹುದು. ಗಂಡು ಕಾಂಗರೂ ರೇಗಿದರೆ ಹಿಂಗಾಲಿನ ಒದೆತ ಅಪಾಯಕಾರಿ.

ಇದೇ ಮುಸ್ಸಂಜೆ ರಸ್ತೆಯಲ್ಲಿ ಅವುಗಳ ಪಾಲಿಗೆ ಕೇಡಿನ ಹೊತ್ತು. ದೀಪದ ಬೆಳಕಿಗೆ ಬೆದರಿ ವಾಹನದ ಎದುರಿಗೇ ನೆಗೆಯುತ್ತವೆ. ಕಾಂಗರೂ ಮರಿ ಹುಟ್ಟುವಾಗ ಅವರೆಕಾಳಿನಷ್ಟಿರುತ್ತದೆ. ಕಣ್ಣು ತೆರೆಯದೆಯೇ ತಾಯಿಯ ಕೂದಲು ಹಿಡಿದು ಚೀಲಕ್ಕೆ ತೆವಳುತ್ತದೆ. ತಿಂಗಳುಗಟ್ಟಲೆ ಅಲ್ಲೇ ಬೆಳೆಯುತ್ತದೆ. ಹಾಗಾಗಿ ತಾಯಿ ಸತ್ತು ಬಿದ್ದಿದ್ದರೂ ಚೀಲದಲ್ಲಿ ಜೀವವಿರಬಹುದು. ರಸ್ತೆ ಸುರಕ್ಷಿತವಾಗಿದ್ದರೆ ಇಳಿದು ನೋಡಬೇಕು. ಮರಿ ಮೊಲೆ ಕಚ್ಚಿಕೊಂಡಿದ್ದರೆ ಎಳೆದು ಬಿಡಿಸಬಾರದು, ಅದರ ಬಾಯಿಗೆ ಗಾಯವಾಗುತ್ತದೆ. ವನ್ಯಜೀವಿ ರಕ್ಷಕರಿಗೆ ಕೂಡಲೇ ಫೋನ್ ಮಾಡಬೇಕು. ಅಂಥ ಮರಿಗಳನ್ನು ಬಟ್ಟೆಯ ಚೀಲದಲ್ಲಿಟ್ಟು, ಬಾಟಲಿ ಹಾಲುಣಿಸಿ ಸಾಕುವ ಸ್ವಯಂಸೇವಕರು ಅಲ್ಲಿದ್ದಾರೆ.

ಆದ್ದರಿಂದ ನಿಮ್ಮವರಿಗೆ ಪತ್ರವನ್ನೋ ಫೋನನ್ನೋ ಮಾಡುವಾಗ ಎರಡು ಮಾತು ಹೇಳಿ: ಕಾಂಗರೂ ನೋಡಲು ನಸುಕಿನಲ್ಲಿ ನಡೆದು ಹೋಗು, ಮುಸ್ಸಂಜೆಯಲ್ಲಿ ಗಾಡಿ ನಿಧಾನವಾಗಿ ಓಡಿಸು.