ಕೃತಕ ಕಣ್ಣು: ಮರೆಮಾಚಬೇಕಾದ ವಿಷಯವಲ್ಲ



ಕಾಫಿ ಕುಯ್ಲು ಮುಗಿದೊಡನೆ ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ತೋಟಗಳಲ್ಲಿ ಗಿಡ ಕಸಿಯ ಕೆಲಸ ಮೊದಲಾಗುತ್ತದೆ. ಮರಗಸಿಯಲ್ಲಿ ಸಿಡಿದ ಚೂರಾಗಲಿ, ಚಿಮ್ಮಿ ಬಡಿದ ಕಾಫಿ ರೆಕ್ಕೆಯಾಗಲಿ, ಸೌದೆ ಒಡೆಯುವಾಗ ಹಾರಿದ ಚಕ್ಕೆಯಾಗಲಿ ಕಣ್ಣೊಂದನ್ನು ಕಳೆಯಲು ಕ್ಷಣಮಾತ್ರ ಸಾಕು. ಕಣ್ಣು ಕಳೆದುಕೊಂಡವರು ಸೆರಗಿನ ಮರೆಯಲ್ಲಿ, ಕಪ್ಪು ಕನ್ನಡಕದ ಹಿಂದೆ ಬಾಳಬೇಕೆಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು ಕಲ್ಪನೆ.

ಕೃತಕ ಕಣ್ಣಿನಿಂದ ದೃಷ್ಟಿ ಮರಳುವುದಿಲ್ಲ. ಈ ಮಾತನ್ನು ಮೊದಲೇ ಸ್ಪಷ್ಟವಾಗಿ ಅರಿತಿರಬೇಕು. ಆದರೆ ಅದು ಮುಖದ ರೂಪವನ್ನು ಉಳಿಸುತ್ತದೆ, ರೆಪ್ಪೆಗಳಿಗೆ ಆಧಾರವಾಗುತ್ತದೆ, ನಾಲ್ವರ ಎದುರಿನಲ್ಲಿ ತಲೆಯೆತ್ತಿ ಮಾತನಾಡುವ ಧೈರ್ಯವನ್ನು ಕೊಡುತ್ತದೆ. ಅದು ಗೋಲಿಯಂತೆ ದುಂಡಗಿರುವುದಿಲ್ಲ. ಶಸ್ತ್ರಕ್ರಿಯೆಯ ವೇಳೆಯಲ್ಲಿ ವೈದ್ಯರು ಸಾಮಾನ್ಯವಾಗಿ ಒಂದು ಸಣ್ಣ ಗುಂಡನ್ನು ಒಳಗೆ ಕೂಡಿಸುತ್ತಾರೆ. ಗಾಯ ಮಾಯ್ದ ಮೇಲೆ, ಸುಮಾರು 6 ವಾರಗಳ ನಂತರ, ಅದರ ಮುಂದೆ ಚಿಪ್ಪಿನಂತಹ ಕೃತಕ ಕಣ್ಣನ್ನು ಇಡಲಾಗುತ್ತದೆ.

ಇದನ್ನು ತಯಾರಿಸುವುದು ಒಂದು ಸೂಕ್ಷ್ಮವಾದ ಕೈಕಸುಬು. ಮೊದಲು ಕಣ್ಣಿನ ಗುಳಿಯ ಅಚ್ಚನ್ನು ತೆಗೆದು, ಮೇಣದ ಮಾದರಿಯನ್ನು ಮಾಡಿ, ರೆಪ್ಪೆಗಳು ಸರಿಯಾಗಿ ಮುಚ್ಚುವವರೆಗೆ ಅದನ್ನು ತಿದ್ದುತ್ತಾರೆ. ಬಳಿಕ ಬಿಳಿಯ ಅಕ್ರಿಲಿಕ್‌ನಲ್ಲಿ ಅದೇ ಆಕಾರವನ್ನು ಎರಕಹೊಯ್ದು, ಎದುರಿಗೆ ಕುಳಿತವರ ಇನ್ನೊಂದು ಕಣ್ಣನ್ನು ನೋಡುತ್ತ ಕರಿಗುಡ್ಡೆಯ ಬಣ್ಣವನ್ನು ಕುಂಚದಿಂದ ತುಂಬುತ್ತಾರೆ. ಕೆಂಪು ರೇಷ್ಮೆಯ ಸಣ್ಣ ಎಳೆಗಳೇ ರಕ್ತನಾಳಗಳಾಗುತ್ತವೆ. ಕೊನೆಯಲ್ಲಿ ಪಾರದರ್ಶಕವಾದ ಪದರವನ್ನು ಕೊಟ್ಟು ಹೊಳಪು ಮಾಡುತ್ತಾರೆ. ಸಿದ್ಧ ಅಳತೆಯ ಕಣ್ಣುಗಳೂ ದೊರೆಯುತ್ತವೆಯಾದರೂ, ಅಳತೆಗೆ ಮಾಡಿಸಿದ ಕಣ್ಣು ಒಪ್ಪುವಷ್ಟು ಅವು ಒಪ್ಪುವುದಿಲ್ಲ.

ಹಿಂದೆ ಕೃತಕ ಕಣ್ಣುಗಳನ್ನು ಗಾಜಿನಿಂದ ಮಾಡುತ್ತಿದ್ದರು. ಜರ್ಮನಿಯ ಲೌಶಾ ಎಂಬ ಊರಿನ ಗಾಜುಗಾರರು 19ನೆಯ ಶತಮಾನದಲ್ಲಿ ಈ ಕಲೆಗೆ ಹೆಸರಾಗಿದ್ದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಸರಕು ಬರುವುದು ನಿಂತಾಗ, ಅಮೆರಿಕದ ಸೇನೆಯ ದಂತತಜ್ಞರು ಹಲ್ಲಿನ ಕಟ್ಟುಗಳಿಗೆ ಬಳಸುತ್ತಿದ್ದ ಅಕ್ರಿಲಿಕ್‌ನಿಂದಲೇ ಕಣ್ಣನ್ನು ಮಾಡತೊಡಗಿದರು. ಆದುದರಿಂದಲೇ ನಮ್ಮ ದೇಶದ ಹಲವು ದಂತ ಕಾಲೇಜುಗಳಲ್ಲಿಯೂ ಈ ಕೆಲಸ ನಡೆಯುತ್ತದೆ. ಈ ಕಸುಬನ್ನು ಪುಸ್ತಕದಿಂದಷ್ಟೇ ಕಲಿಯಲಾಗದು. ಅಮೆರಿಕದ ಕುಶಲಕರ್ಮಿಗಳ ಸಂಘವು ಅನುಭವಿಗಳ ಕೈಕೆಳಗೆ 5 ವರ್ಷ, ಅಂದರೆ 10,000 ಗಂಟೆಗಳ ಅಭ್ಯಾಸವನ್ನು ವಿಧಿಸಿದೆ. ಹೈದರಾಬಾದಿನಲ್ಲಿ 1987ರಲ್ಲಿ ಆರಂಭವಾದ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ಕೃತಕ ಕಣ್ಣು ತಯಾರಿಸುವ ತಜ್ಞರಿದ್ದಾರೆ. ನಮ್ಮ ಭಾಗದವರು ಜಿಲ್ಲಾ ಆಸ್ಪತ್ರೆಯ ನೇತ್ರವೈದ್ಯರನ್ನು ಕಂಡರೆ, ಎಲ್ಲಿಗೆ ಹೋಗಬೇಕೆಂಬುದನ್ನು ಅವರು ತಿಳಿಸುವರು.

ತಂದೆತಾಯಿಗಳಾದ ನೀವು ಒಂದು ಸಂಗತಿಯನ್ನು ಮರೆಯದೆ ಗಮನಿಸಬೇಕು. ದೀಪದ ಬೆಳಕಿನಲ್ಲಿ ಅಥವಾ ಫೋಟೋದಲ್ಲಿ ಮಗುವಿನ ಕಣ್ಣಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುತ್ತಿದೆಯೇ? ಕಣ್ಣು ಹೊಸದಾಗಿ ಮೆಳ್ಳೆಯಾಗಿದೆಯೇ? ಹಾಗಿದ್ದಲ್ಲಿ ತಡಮಾಡದೆ ವೈದ್ಯರಿಗೆ ತೋರಿಸಿರಿ. ಅದು ಪೊರೆಯಿರಬಹುದು, ರೆಟಿನೊಬ್ಲಾಸ್ಟೊಮ ಎಂಬ ಕಣ್ಣಿನ ಕ್ಯಾನ್ಸರೂ ಇರಬಹುದು. ಬೇಗ ಕಂಡುಕೊಂಡರೆ ಅನೇಕ ಮಕ್ಕಳ ಕಣ್ಣನ್ನೇ ಉಳಿಸಬಹುದು. ಕೆಲವೊಮ್ಮೆ ಜೀವವನ್ನುಳಿಸಲು ಕಣ್ಣನ್ನು ತೆಗೆಯಲೇಬೇಕಾಗುತ್ತದೆ. “ಹೆಣ್ಣುಮಗು, ಕಣ್ಣು ತೆಗೆಸಿದರೆ ಮುಂದೆ ಮದುವೆಯಾಗುವುದೆಂತು?” ಎಂದು ಹಿಂಜರಿದು ದಿನ ದೂಡುವುದರಿಂದ ಮಗುವೇ ಕೈತಪ್ಪಬಹುದು. ಈ ರೋಗ ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಬರುವುದುಂಟು. ಆದುದರಿಂದ ಒಡಹುಟ್ಟಿದವರ ಕಣ್ಣುಗಳನ್ನೂ, ಮುಂದೆ ಹುಟ್ಟುವ ಮಗುವಿನ ಕಣ್ಣುಗಳನ್ನೂ ಪರೀಕ್ಷೆ ಮಾಡಿಸಬೇಕು. ಇದಕ್ಕಾಗಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ದೂರುವುದರಲ್ಲಿ ಅರ್ಥವಿಲ್ಲ.

ಚಿಕ್ಕ ಮಕ್ಕಳಿಗೆ ಕೃತಕ ಕಣ್ಣು ಅಲಂಕಾರಕ್ಕೆ ಮಾತ್ರವಲ್ಲ. ಗುಳಿ ಬರಿದಾಗಿಯೇ ಉಳಿದರೆ ಅದು ಕುಗ್ಗುತ್ತದೆ, ಆ ಭಾಗದ ಮುಖದ ಮೂಳೆಯೂ ಸರಿಯಾಗಿ ಬೆಳೆಯುವುದಿಲ್ಲ. ಮಗು ಬೆಳೆದಂತೆ ಕಣ್ಣನ್ನೂ ಬದಲಾಯಿಸುತ್ತಿರಬೇಕು.

ಕೃತಕ ಕಣ್ಣನ್ನು ಪದೇಪದೇ ತೆಗೆಯಬೇಡಿರಿ. ತೆಗೆದಾಗ ಶುದ್ಧವಾದ ಕೈಯಿಂದ, ಸೌಮ್ಯವಾದ ಸಾಬೂನು ಮತ್ತು ಶುಚಿಯಾದ ನೀರಿನಲ್ಲಿ ತೊಳೆಯಿರಿ. ಸ್ಪಿರಿಟ್ ಮುಟ್ಟಿಸಬೇಡಿರಿ, ಕುದಿಸಬೇಡಿರಿ. ವರ್ಷಕ್ಕೊಮ್ಮೆಯಾದರೂ ಹೊಳಪು ಮಾಡಿಸಿರಿ. ದೊಡ್ಡವರು ಸುಮಾರು 5 ವರ್ಷಗಳಿಗೊಮ್ಮೆ ಹೊಸದನ್ನು ಮಾಡಿಸುವುದು ಲೇಸು.

ಉಳಿದ ಒಂದು ಕಣ್ಣು ಅಮೂಲ್ಯವಾದುದು. ಅದಕ್ಕೆ ಗಟ್ಟಿಯಾದ ಪಾಲಿಕಾರ್ಬೊನೇಟ್ ಕನ್ನಡಕ ಸದಾ ಇರಲಿ. ಎರಡೂ ಕಣ್ಣುಳ್ಳವರು ಕಸಿಗೆ, ಸೌದೆಗೆ ಹೋಗುವಾಗ ರಕ್ಷಣಾ ಕನ್ನಡಕವನ್ನು ಧರಿಸಲಿ. ಕಣ್ಣಿಗೆ ಗಾಯವಾದಾಗ ಸೊಪ್ಪಿನ ರಸ, ಎದೆಹಾಲು ಹಾಕಬೇಡಿರಿ. ಚುಚ್ಚಿಕೊಂಡ ವಸ್ತುವನ್ನು ಕೀಳಬೇಡಿರಿ, ಉಜ್ಜಬೇಡಿರಿ. ಕಣ್ಣನ್ನು ಒತ್ತದಂತೆ ಮೇಲೊಂದು ಬಟ್ಟಲನ್ನು ಮುಚ್ಚಿ ಕಟ್ಟಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕುಶಲಿಗಳ ಕೈ ಎಷ್ಟೇ ಪಳಗಿರಲಿ, ನೋಡುವ ಕಣ್ಣನ್ನು ಅದು ಮಾಡಿಕೊಡಲಾರದು. ಇರುವ ಕಣ್ಣನ್ನು ಕಾಪಾಡಿಕೊಳ್ಳೋಣ. ಕಳೆದುಕೊಂಡವರು ನಾಚಿ ಮನೆಯಲ್ಲಿ ಅಡಗದೆ ಇಂದೇ ವೈದ್ಯರನ್ನು ಕಾಣಲಿ.