ಕಂಡದ್ದು, ಅಂದುಕೊಂಡದ್ದು

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ, ಕೃಷ್ಣರಾಜನಗರದಲ್ಲಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಉದ್ದೇಶಿಸಿ ನೀಡಿದ ಆಶೀರ್ವಚನ)



ಶ್ರಾವಣವೆಂದರೆ ನಮ್ಮ ನಾಡಿನಲ್ಲಿ ಕೇಳುವ ಮಾಸ. ಊರೂರಿನಲ್ಲಿಯೂ ಪುರಾಣ, ಪ್ರವಚನಗಳು ನಡೆಯುತ್ತವೆ. ಹೇಳುವವನು ಹೇಗೆ ಹೇಳಬೇಕೆಂಬುದನ್ನು ಎಲ್ಲರೂ ವಿಚಾರಿಸುತ್ತಾರೆ. ಕೇಳುವವನು ಹೇಗೆ ಕೇಳಬೇಕೆಂಬುದನ್ನು ಮಾತ್ರ ನಾವು ಅಷ್ಟಾಗಿ ಯೋಚಿಸುವುದಿಲ್ಲ. ಕಿವಿಯೊಂದಿದ್ದರೆ ಸಾಕು ಎಂದು ತಿಳಿದುಬಿಟ್ಟಿದ್ದೇವೆ. ಆದರೆ ಕಿವಿಗೆ ಬೀಳುವುದು ಬೇರೆ, ಕೇಳುವುದು ಬೇರೆ.

ನಿನ್ನೆ ಸಂಜೆ ಅಧ್ಯಾಪಕರೊಬ್ಬರು ಬಂದು ತಮ್ಮ ಕಷ್ಟವನ್ನು ಹೇಳಿಕೊಂಡರು. "ಬುದ್ಧಿ, ಈಗಿನ ಮಕ್ಕಳಿಗೆ ಮೊಬೈಲಿನಲ್ಲಿ ಬಂದದ್ದೆಲ್ಲ ನಿಜ. ಹಾಗೆ ನಂಬಬೇಡಿ ಅಂದರೆ, ಹಾಗಾದರೆ ಯಾರು ಹೇಳಿದರೂ ನಂಬೋದು ಬೇಡವಾ ಸಾರ್ ಅಂತ ಕೇಳುತ್ತಾರೆ. ನಾನು ಏನಂತ ಹೇಳಿಕೊಡಲಿ?" ಎಂದರು. ಅವರ ಪ್ರಶ್ನೆ ಸಣ್ಣದಲ್ಲ. ಎಲ್ಲವನ್ನೂ ನಂಬುವವನು, ಯಾವುದನ್ನೂ ನಂಬದವನು, ಇಬ್ಬರೂ ಒಂದೇ ಕೆಲಸವನ್ನು ಬಿಟ್ಟಿದ್ದಾರೆ. ಆರಿಸುವ ಕೆಲಸವನ್ನು ಬಿಟ್ಟಿದ್ದಾರೆ. ಆ ಕೆಲಸ ಯಾವುದೆಂಬುದನ್ನೇ ಈ ದಿನ ನಾಲ್ಕು ಮಾತುಗಳಲ್ಲಿ ತಿಳಿದುಕೊಳ್ಳೋಣ.

ಹಿರಿಯರು ಜ್ಞಾನದ ದಾರಿಯಲ್ಲಿ ಮೂರು ಮೆಟ್ಟಿಲುಗಳನ್ನು ಹೇಳಿದರು: ಶ್ರವಣ, ಮನನ, ನಿದಿಧ್ಯಾಸನ. ಮೊದಲು ಕೇಳು, ಆಮೇಲೆ ಅದನ್ನು ಯುಕ್ತಿಯಿಂದ ವಿಚಾರಿಸು, ಕಡೆಗೆ ಅದರಲ್ಲಿ ನೆಲೆಗೊಳ್ಳು. ನಾವು ಈಗ ನಡುವಿನ ಮೆಟ್ಟಿಲನ್ನೇ ಕಿತ್ತುಹಾಕಿದ್ದೇವೆ. ಕೇಳಿದೊಡನೆ ನೆಲೆಗೊಂಡುಬಿಡುತ್ತೇವೆ. ಮನನವಿಲ್ಲದ ಶ್ರವಣವೆಂದರೆ ಕಣದಲ್ಲಿ ತೂರದ ಭತ್ತವನ್ನು ಹಾಗೆಯೇ ಮಡಕೆಗೆ ಸುರಿದಂತೆ. ಭತ್ತದ ಸೀಮೆಯವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ದೃಷ್ಟಾಂತ. ಮಳೆಗಾಲದಲ್ಲಿ ಒಬ್ಬನು ಚುಂಚನಕಟ್ಟೆಯ ಕಡೆಯಿಂದ ಬಂದು ಜಗಲಿಯ ಮೇಲೆ ಕುಳಿತು ಹೇಳುತ್ತಾನೆ: "ಹೊಳೆ ತುಂಬಿ ಧುಮ್ಮಿಕ್ಕುತ್ತಿದೆ. ಕೆಳಗಿನ ಗದ್ದೆಗಳೆಲ್ಲ ಮುಳುಗಿರಬೇಕು. ಬಸ್ಸು ನಿಲ್ಲಿಸಿಬಿಟ್ಟರಂತೆ. ಈ ಅಧಿಕಾರಿಗಳಿಗೆ ಹೊಣೆಯೇ ಇಲ್ಲ." ನೆರೆಯ ಮಾತೆಂದರೆ ಈ ಊರಿನವರ ಕಿವಿ ನಿಮಿರುವುದು ಸಹಜ. ಹಳೆಯ ಎಡತೊರೆಗೆ ಕಾವೇರಿಯ ನೆರೆ ಬಂದ ಮೇಲೆ ತಾನೇ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಈ ಹೊಸ ಊರು ಎದ್ದದ್ದು! ಕೇಳಿದವರೆಲ್ಲ ಆ ನಾಲ್ಕು ಮಾತನ್ನೂ ಒಂದೇ ಸುದ್ದಿಯೆಂದು ತೆಗೆದುಕೊಂಡರು.

ಆದರೆ ಮಕ್ಕಳೇ, ಅದು ಒಂದು ಸುದ್ದಿಯಲ್ಲ. ನಾಲ್ಕು ಬೇರೆ ಬೇರೆ ಜಾತಿಯ ಮಾತುಗಳು ಒಂದೇ ದಾರದಲ್ಲಿ ಪೋಣಿಸಿಕೊಂಡು ಬಂದಿವೆ. ಹೊಳೆ ತುಂಬಿದೆ ಎಂಬುದು ಅವನು ಕಣ್ಣಿನಿಂದ ಕಂಡದ್ದು. ಗದ್ದೆ ಮುಳುಗಿರಬೇಕು ಎಂಬುದು ಕಂಡದ್ದರ ಮೇಲೆ ಊಹಿಸಿದ್ದು. ಬಸ್ಸು ನಿಲ್ಲಿಸಿದರಂತೆ ಎಂಬುದು ಇನ್ನೊಬ್ಬರ ಬಾಯಿಂದ ಕೇಳಿದ್ದು. ಅಧಿಕಾರಿಗಳಿಗೆ ಹೊಣೆಯಿಲ್ಲ ಎಂಬುದು ಅವನ ಅಭಿಪ್ರಾಯ. ಮೊದಲ ಮೂರನ್ನು ಹೋಗಿ ನೋಡಬಹುದು, ವಿಚಾರಿಸಬಹುದು. ನಿಜವೋ ಸುಳ್ಳೋ ಗೊತ್ತಾಗುತ್ತದೆ. ನಾಲ್ಕನೆಯದು ಹಾಗಲ್ಲ. ಹತ್ತು ಜನ ಒಪ್ಪಬಹುದು, ಹತ್ತು ಜನ ಒಪ್ಪದಿರಬಹುದು. ಪರೀಕ್ಷೆಗೆ ನಿಲ್ಲಬಲ್ಲದ್ದು ಸಂಗತಿ. ಕಾರಣವನ್ನು ಕೇಳಿ ತೂಗಬೇಕಾದದ್ದು ಅಭಿಪ್ರಾಯ. ಇಷ್ಟೇ ಭೇದ.

ನಮ್ಮ ಕನ್ನಡದ ಸೊಗಸನ್ನು ನೋಡಿ. ಈ ಭೇದವನ್ನು ನಮ್ಮ ಹಿರಿಯರು ಕ್ರಿಯಾಪದದ ಬಾಲದಲ್ಲಿಯೇ ಕಟ್ಟಿಟ್ಟಿದ್ದಾರೆ. 'ಬಂದ' ಎಂದರೆ ಬಂದದ್ದನ್ನು ನಾನು ಬಲ್ಲೆ ಎಂದರ್ಥ. 'ಬಂದಿರಬೇಕು' ಎಂದರೆ ಊಹೆ. 'ಬಂದನಂತೆ' ಎಂದರೆ ಯಾರೋ ಹೇಳಿದ್ದು. ತರ್ಕಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಮಾಣಗಳನ್ನು ವರ್ಷಗಟ್ಟಲೆ ಓದುತ್ತೇವೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಜ್ಜಿ ಅದನ್ನು ಮೂರು ಬಾಲಗಳಲ್ಲಿ ಹೇಳಿಬಿಡುತ್ತಾಳೆ. ಆದರೆ ಮಾತು ಬಾಯಿಂದ ಬಾಯಿಗೆ ಸಾಗುವಾಗ ಮೊದಲು ಉದುರುವುದು ಈ ಬಾಲವೇ. ಬೆಳಿಗ್ಗೆ 'ಬಂದನಂತೆ' ಎಂದಿದ್ದದ್ದು ಮಧ್ಯಾಹ್ನಕ್ಕೆ 'ಬಂದ' ಎಂದಾಗುತ್ತದೆ. ಸಂಜೆಗೆ 'ನಾನೇ ಕಂಡೆ' ಎಂದಾಗುತ್ತದೆ. ಅಂತೆ ಕಂತೆಗಳ ಸಂತೆ ಎಂದು ಸುಮ್ಮನೆ ಹೇಳಿದರೇ?

ಇನ್ನೊಂದು ಮಾತನ್ನೂ ಗಮನಿಸಿ. ಸಂಸ್ಕೃತದಲ್ಲಿ ಅನುಮಾನವೆಂದರೆ ಹೇತುವಿನಿಂದ ಹುಟ್ಟಿದ ಜ್ಞಾನ. ಬೆಟ್ಟದ ಮೇಲೆ ಹೊಗೆ ಕಂಡಿತು, ಅಲ್ಲಿ ಬೆಂಕಿಯುಂಟು ಎಂಬುದು ಅದರ ಪ್ರಸಿದ್ಧ ಉದಾಹರಣೆ. ಪಿರಿಯಾಪಟ್ಟಣ, ಹುಣಸೂರಿನ ಕಡೆಯ ಮಕ್ಕಳು ಬ್ಯಾರನ್ನಿನ ಹೊಗೆಯನ್ನು ಕಂಡು, ಯಾರ ಮನೆಯಲ್ಲಿ ಹೊಗೆಸೊಪ್ಪು ಬೇಯಿಸಲು ಬೆಂಕಿ ಹಾಕಿದ್ದಾರೆಂದು ದೂರದಿಂದಲೇ ಹೇಳುತ್ತಾರೆ. ಅದು ಸರಿಯಾದ ಅನುಮಾನ. ಆದರೆ ಚಳಿಗಾಲದ ಮುಂಜಾನೆ ಹೊಳೆದಂಡೆಯ ಮಂಜನ್ನು ಕಂಡು ಬೆಂಕಿ ಬಿದ್ದಿತೆಂದು ಕೂಗಿದರೆ ಅದು ಅನುಮಾನವಲ್ಲ, ಭ್ರಾಂತಿ. ಕನ್ನಡದಲ್ಲಿ ಈಗ ನಾವು ಅನುಮಾನವೆಂದರೆ ಸಂಶಯವೆಂದೇ ಬಳಸುತ್ತೇವೆ. 'ಅವನ ಮೇಲೆ ನನಗೆ ಅನುಮಾನ' ಎನ್ನುತ್ತೇವೆ. ಹೊಗೆ ಎಲ್ಲಿದೆ ಎಂದರೆ ಉತ್ತರವಿಲ್ಲ. ಹೊಗೆಯಿಲ್ಲದೆ ಬೆಂಕಿಯನ್ನು ಕಾಣುವುದಕ್ಕೂ ಅದೇ ಹೆಸರಾಗಿಹೋಯಿತು!

ಕಣ್ಣಿಗೆ ಕಂಡದ್ದು ನಿಜವಾಗಿದ್ದರೂ ಅದಕ್ಕೆ ನಾವು ಹಚ್ಚುವ ಅರ್ಥ ತಪ್ಪಾಗಬಹುದು. 1995ನೆಯ ಇಸವಿ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆಂಬ ಸುದ್ದಿ ದೇಶವೆಲ್ಲ ಹರಡಿತು. ಚಮಚದ ಹಾಲು ಇಳಿದದ್ದು ನಿಜ; ನೋಡಿದವರು ಸುಳ್ಳು ಹೇಳಲಿಲ್ಲ. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ, ಅದು ಮೂರ್ತಿಗೆ ತಾಗಿ ಮೈಮೇಲೆ ತೆಳ್ಳಗೆ ಹರಿದು ಇಳಿಯುವುದನ್ನು ತೋರಿಸಿಕೊಟ್ಟರು. ಹಾಲು ಇಳಿಯಿತು ಎಂಬುದು ಕಂಡದ್ದು. ದೇವರು ಕುಡಿದನು ಎಂಬುದು ಅಂದುಕೊಂಡದ್ದು. ಇದನ್ನು ಮಠದವರು ಹೇಳಬಹುದೇ ಎಂದು ನೀವು ಕೇಳಬಹುದು. ಭಕ್ತಿಗೆ ಸತ್ಯದ ಭಯವಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಕಟ್ಟಿದವರು ದೇವರನ್ನು ನಂಬಿದ ನಮ್ಮ ಹಳ್ಳಿಯ ಜನರೇ.

ಹಾಲಿನ ಮಾತು ನಗೆಯಲ್ಲಿ ಮುಗಿಯಿತು. ಎಲ್ಲವೂ ಹಾಗೆ ಮುಗಿಯುವುದಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿ ನಮ್ಮ ನಾಡನ್ನೆಲ್ಲ ನಡುಗಿಸಿತು. ಆ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಕೆಲವರು ಯುವಕರು ಕಾರಿನಲ್ಲಿ ಬಂದರು. ದಾರಿಯಲ್ಲಿ ಶಾಲೆಯ ಮಕ್ಕಳನ್ನು ಕಂಡು ಪ್ರೀತಿಯಿಂದ ಚಾಕೊಲೇಟು ಕೊಟ್ಟರು. ಅಪರಿಚಿತರು ಬಂದರು, ಕಾರಿನಲ್ಲಿ ಬಂದರು, ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಈ ಮೂರೂ ಕಂಡ ಸಂಗತಿಗಳೇ. ನಾಲ್ಕನೆಯ ಮಾತೊಂದನ್ನು ಜನರು ತಾವೇ ಸೇರಿಸಿಕೊಂಡರು: ಇವರು ಮಕ್ಕಳ ಕಳ್ಳರು. ಹೆದರಿ ಹೊರಟ ಕಾರಿಗಿಂತ ಮುಂಚೆ ಆ ನಾಲ್ಕನೆಯ ಮಾತು ಮುರ್ಕಿ ಎಂಬ ಹಳ್ಳಿಯನ್ನು ಮುಟ್ಟಿತ್ತು. ಅಲ್ಲಿ ದಾರಿಯನ್ನು ಅಡ್ಡಗಟ್ಟಿದ್ದರು. ಗುಂಪು ಸೇರಿ ಹೊಡೆದರು. ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟಾಯಿತು. ಒಬ್ಬ ಯುವಕ ಪ್ರಾಣ ಬಿಟ್ಟನು.

ಬೀದರ್ ಜಿಲ್ಲೆಯೆಂದರೆ ಯಾವುದು? ಬಸವಕಲ್ಯಾಣವಿರುವ ಜಿಲ್ಲೆ. ಹನ್ನೆರಡನೆಯ ಶತಮಾನದಲ್ಲಿ ಶರಣರು ಅನುಭವ ಮಂಟಪದಲ್ಲಿ ಕುಳಿತು ಒಬ್ಬರ ಮಾತನ್ನು ಒಬ್ಬರು ಒರೆಗೆ ಹಚ್ಚಿದ ನೆಲ. ಅಕ್ಕಮಹಾದೇವಿ ಅಲ್ಲಿಗೆ ಬಂದಾಗ ಅಲ್ಲಮಪ್ರಭುದೇವರು ಕೂಡಲೆ ಬರಮಾಡಿಕೊಳ್ಳಲಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು, ಉತ್ತರವನ್ನು ಪೂರ್ತಿಯಾಗಿ ಕೇಳಿದರು ಎಂದು ಶೂನ್ಯಸಂಪಾದನೆ ವರ್ಣಿಸುತ್ತದೆ. ಅಲ್ಲಿ ಹೊಸಬರಿಗೆ ಪ್ರಶ್ನೆಯಿತ್ತು. ಎಂಟು ಶತಮಾನಗಳಾದ ಮೇಲೆ ಅದೇ ಸೀಮೆಯಲ್ಲಿ ಹೊಸಬರಿಗೆ ಕಲ್ಲು, ದೊಣ್ಣೆ! ಆ ಜನರು ಹುಟ್ಟಾ ಕೊಲೆಗಾರರಲ್ಲ. ಮಕ್ಕಳ ಮೇಲಿನ ಮೋಹದಿಂದಲೇ ಓಡಿಬಂದವರು. ಅದರಿಂದಲೇ ಇದು ನಮಗೆಲ್ಲರಿಗೂ ಎಚ್ಚರಿಕೆ. ಕೆಟ್ಟವರಾದರೆ ಮಾತ್ರ ಪಾಪ ಬರುವುದಿಲ್ಲ. ಕೇಳಲು ಬಾರದಿದ್ದರೂ ಪಾಪ ಬರುತ್ತದೆ. ಒಬ್ಬನಾದರೂ ನಿಂತು, "ಅಪ್ಪಾ, ನೀನು ಕಂಡೆಯೋ, ಅಂದುಕೊಂಡೆಯೋ?" ಎಂದು ಕೇಳಿದ್ದರೆ! ಆ ತಿಂಗಳಿನಲ್ಲಿಯೇ ವಾಟ್ಸ್ಆ್ಯಪ್ ಸಂಸ್ಥೆಯವರು ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ನಮ್ಮ ದೇಶದಲ್ಲಿ ಮಿತಿ ಹಾಕುವುದಾಗಿ ಹೇಳಿದರು. ಯಂತ್ರಕ್ಕೆ ಅವರು ಮಿತಿ ಹಾಕಿದರು. ನಾಲಿಗೆಗೆ ನಾವೇ ಹಾಕಿಕೊಳ್ಳಬೇಕು.

ಬೇರೆಯವರ ತಪ್ಪನ್ನೇ ಹೇಳಿ ಮುಗಿಸಿದರೆ ನಮ್ಮ ಮಾತು ಅರ್ಧವಾಗುತ್ತದೆ. ನಮ್ಮ ತಪ್ಪನ್ನೂ ಹೇಳಬೇಕು. ಬಹಳ ವರ್ಷಗಳ ಹಿಂದೆ ಒಂದು ವಿದ್ಯಾರ್ಥಿನಿಲಯದ ಹೊಣೆ ನಮ್ಮ ಮೇಲಿತ್ತು. ಒಂದು ದಿನ ದಿನಸಿಗೆಂದು ಇಟ್ಟಿದ್ದ ಹಣ ಕಾಣಲಿಲ್ಲ. ಅಡಿಗೆಯವನು ಬಂದು, "ಅವ್ನೇ ತಕ್ಕೊಂಡಿರೋದು ಬುದ್ಧಿ, ಕೋಣೆಯಿಂದ ಈಚೆಗೆ ಬರೋದ ಕಣ್ಣಾರೆ ಕಂಡೆ" ಎಂದು ಒಬ್ಬ ಹುಡುಗನ ಹೆಸರು ಹೇಳಿದನು. ಹೊಗೆಸೊಪ್ಪು ಬೆಳೆಯುವ ಬಡವರ ಮನೆಯ ಹುಡುಗ. "ಪೇಪರು ಇಡಕ್ಕೆ ಹೋಗಿದ್ದೆ ಬುದ್ಧಿ" ಎಂದನು. ನಾವು ಅವನ ಮಾತನ್ನು ಮುಗಿಸಗೊಡಲಿಲ್ಲ. ಎಲ್ಲರ ಎದುರಿಗೆ ಕಳ್ಳನೆಂದೆವು. ಅಡಿಗೆಯವನು ಕಂಡದ್ದು ಹುಡುಗ ಕೋಣೆಯಿಂದ ಬಂದದ್ದನ್ನು ಮಾತ್ರ. ತೆಗೆದುಕೊಂಡದ್ದನ್ನು ಅವನು ಕಾಣಲಿಲ್ಲ. ತರ್ಕವನ್ನು ಓದಿದ ನಮಗೆ, ಪರ್ವತ, ಹೊಗೆ, ಬೆಂಕಿ ಎಂದು ಬಾಯಿಪಾಠ ಒಪ್ಪಿಸಿದ್ದ ನಮಗೆ, ಆ ಒಂದು ವಾಕ್ಯದಲ್ಲಿ ಎರಡು ಮಾತಿದೆಯೆಂದು ತಿಳಿಯಲಿಲ್ಲ.

ಹುಡುಗ ಅದೇ ರಾತ್ರಿ ಊರಿಗೆ ಹೊರಟುಹೋದನು. ಒಂಬತ್ತನೆಯ ದಿನ ಲೆಕ್ಕದ ಪುಸ್ತಕವನ್ನು ಬಿಡಿಸಿದಾಗ ಹಣ ಅದರೊಳಗೇ ಇತ್ತು. ಇಟ್ಟವರು ನಾವೇ. ಅವನ ಮನೆಗೆ ಹೋದೆವು. ಹುಡುಗ ಹೊರಗೆ ಬರಲಿಲ್ಲ. ತಂದೆ ಬ್ಯಾರನ್ನಿನ ಮುಂದೆ ನಿಂತು, "ನೀವು ಬಂದದ್ದೇ ದೊಡ್ಡದು ಬುದ್ಧಿ. ಆದ್ರೆ ಊರವ್ರ ಕಿವಿಗೆ ಬಿದ್ದದ್ದ ನಾನು ಹೆಂಗೆ ವಾಪಸ್ ತಕ್ಕೊಳ್ಳಿ?" ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಆ ಹುಡುಗನ ಓದು ಅಲ್ಲಿಗೇ ನಿಂತಿತು. ಅಂದಿನಿಂದ ಯಾರು ಯಾರ ಮೇಲೆ ದೂರು ತಂದರೂ ನಾವು ಮೊದಲು ಕೇಳುವುದು ಒಂದೇ ಪ್ರಶ್ನೆ: ಕಂಡದ್ದೆಷ್ಟು, ಅಂದುಕೊಂಡದ್ದೆಷ್ಟು?

ಅಧ್ಯಾಪಕರೇ, ನೀವು ಕೇಳಿದ ಪ್ರಶ್ನೆಗೆ ನಾವು ಕೊಡುವ ಉತ್ತರವೂ ಇದೇ. ವಾರಕ್ಕೊಮ್ಮೆ ಅರ್ಧ ಗಂಟೆ ಸಾಕು. ಪತ್ರಿಕೆಯ ಒಂದು ಸುದ್ದಿಯನ್ನೋ, ಒಂದು ಭಾಷಣವನ್ನೋ ಗಟ್ಟಿಯಾಗಿ ಓದಿ. ಮಕ್ಕಳು ಪುಸ್ತಕ ಮುಚ್ಚಿ ಕಿವಿಯಿಂದಲೇ ಕೇಳಲಿ. ಸಂಗತಿ ಬಂದಾಗ ಬಲಗೈ ಎತ್ತಲಿ, ಅಭಿಪ್ರಾಯ ಬಂದಾಗ ಎಡಗೈ ಎತ್ತಲಿ. ಕೈಗಳು ಬೇರೆ ಬೇರೆಯಾದರೆ ನಿಲ್ಲಿಸಿ, ಏಕೆಂದು ಕೇಳಿ. ಚುಂಚನಕಟ್ಟೆಯ ಜಾತ್ರೆ ಸಂಕ್ರಾಂತಿಯ ಕಾಲಕ್ಕೆ ಸೇರುತ್ತದೆ: ಬಲಗೈ. ಅದಕ್ಕಿಂತ ಚೆನ್ನಾದ ಜಾತ್ರೆ ಇನ್ನೊಂದಿಲ್ಲ: ಎಡಗೈ. ಎಲ್ಲರೂ ಹಾಗೆಯೇ ಹೇಳುತ್ತಾರೆ ಎಂದರೆ, ಆ ಎಲ್ಲರು ಯಾರು ಎಂದು ಕೇಳುವುದನ್ನು ಕಲಿಸಿ. 'ಖಂಡಿತವಾಗಿ' ಎಂದು ಗಟ್ಟಿಯಾಗಿ ಹೇಳಿದ ಮಾತ್ರಕ್ಕೆ ಅಭಿಪ್ರಾಯವು ಸಂಗತಿಯಾಗುವುದಿಲ್ಲ ಎಂಬುದನ್ನು ಕಲಿಸಿ. ಮತ್ತೊಬ್ಬರಿಗೆ ಹೇಳುವಾಗ 'ಅಂತೆ'ಯನ್ನು ಉದುರಿಸದೆ ಹೇಳುವುದನ್ನು ಕಲಿಸಿ.

ಹಾಗೆಂದು ಅಭಿಪ್ರಾಯವೆಲ್ಲ ಕೆಟ್ಟದ್ದೆಂದು ತಿಳಿಯಬಾರದು. ಭತ್ತದ ಹುಲ್ಲನ್ನು ಯಾರೂ ಎಸೆಯುವುದಿಲ್ಲ. ಮೆದೆ ಒಟ್ಟಿ ದನಗಳಿಗೆ ಹಾಕುತ್ತೇವೆ. ಆದರೆ ಎಲೆಯ ಮೇಲೆ ಅನ್ನವೆಂದು ಬಡಿಸುವುದಿಲ್ಲ. ಅಭಿಪ್ರಾಯವಿಲ್ಲದೆ ಬಾಳಿಲ್ಲ, ನ್ಯಾಯವಿಲ್ಲ, ಧರ್ಮವೂ ಇಲ್ಲ. ಸುಳ್ಳು ಹೇಳುವುದು ತಪ್ಪು ಎಂಬುದನ್ನು ಅಳತೆಗೋಲಿನಿಂದ ಅಳೆಯಲಾಗುವುದಿಲ್ಲ. ಆದರೂ ಅದರ ಮೇಲೆಯೇ ಲೋಕ ನಿಂತಿದೆ. ಅದಕ್ಕೆ ಕಾರಣವನ್ನು ಕೇಳಬೇಕು, ನಡೆಯಲ್ಲಿ ನೋಡಬೇಕು, ಆಮೇಲೆ ಒಪ್ಪಬೇಕು. ಹಾಗೆಯೇ ಯಾವುದನ್ನೂ ನಂಬಬಾರದೆಂದೂ ಅಲ್ಲ. ತಿಳಿದವನಾಗಿ, ತಿಳಿದದ್ದನ್ನು ತಿಳಿದಂತೆಯೇ ಹೇಳುವವನಾಗಿದ್ದರೆ ಅವನನ್ನು ಶಾಸ್ತ್ರಗಳು ಆಪ್ತನೆಂದು ಕರೆದವು. ಅವನ ಮಾತನ್ನು ಪ್ರಮಾಣವೆಂದವು. ಕಾವಿಯಿಂದ ಆಪ್ತತ್ವ ಬರುವುದಿಲ್ಲ, ಮೊಬೈಲಿನಿಂದಲೂ ಬರುವುದಿಲ್ಲ. ಈ ಹೊತ್ತು ನಾವು ಆಡಿದ ಮಾತುಗಳಲ್ಲಿಯೂ ಸಂಗತಿಗಳಿವೆ, ಅಭಿಪ್ರಾಯಗಳಿವೆ. ಮನೆಗೆ ಹೋಗಿ ಅವುಗಳನ್ನೂ ತೂರಿ ನೋಡಿ. ಅದರಿಂದ ಪೀಠಕ್ಕೆ ಅಗೌರವವಾಗುವುದಿಲ್ಲ. ನಮ್ಮ ಮಾತನ್ನು ನಿಜವಾಗಿ ಕೇಳಿದಂತಾಗುತ್ತದೆ.

ಮಕ್ಕಳೇ, ಕಿವಿಗೂ ನಾಲಿಗೆಗೂ ನಡುವೆ ಅಂತರ ಬಹಳವಿಲ್ಲ. ಆ ಅಂತರದಲ್ಲಿ ಒಂದು ಕ್ಷಣ ನಿಲ್ಲುವುದನ್ನು ಅಭ್ಯಾಸ ಮಾಡಿರಿ. ಆ ಒಂದು ಕ್ಷಣ ನಾವು ನಿಂತಿದ್ದರೆ ಒಬ್ಬ ಹುಡುಗನ ಓದು ನಿಲ್ಲುತ್ತಿರಲಿಲ್ಲ.